ಬಾಗಿಲಲ್ಲಿ ನಿಲ್ಲುವವರು ಯಾರು? ಅಮೆರಿಕದ ‘ಬಾತ್‌ರೂಮ್ ಕಾನೂನು’ ಏನು, ಎತ್ತ

2025ರ ಡಿಸೆಂಬರ್ ಮೊದಲ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಕ್ಕ ಒಂದು ಪ್ರಶ್ನೆ ಹಾಕಿದಳು. ಅವಳ ಮಗಳು ಟೆಕ್ಸಸ್‌ನ ಒಂದು ಸರಕಾರಿ ಯೂನಿವರ್ಸಿಟಿಯಲ್ಲಿ ಎಂಎಸ್ ಓದುತ್ತಿದ್ದಾಳೆ. "ಅಲ್ಲಿ ಟಾಯ್ಲೆಟ್‌ಗೆ ಹೋಗೋಕೂ ಹೊಸ ಕಾನೂನು ಬಂದಿದೆಯಂತೆ. ಇನ್ಮೇಲೆ ಬರ್ತ್ ಸರ್ಟಿಫಿಕೇಟ್ ಇಟ್ಕೊಂಡು ಓಡಾಡ್ಬೇಕೇನೋ? ಇವಳು ಬೇರೆ ಕೂದಲು ಗಿಡ್ಡ ಮಾಡಿಸ್ಕೊಂಡಿದಾಳೆ."

ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಟ್ರಂಪ್ ಮಾಡಿದ್ದು ಎಂದರು ಒಬ್ಬರು. ಹೋಟೆಲು, ಮಾಲು ಎಲ್ಲ ಕಡೆ ಪೊಲೀಸರು ನಿಲ್ಲುತ್ತಾರಂತೆ ಎಂದರು ಇನ್ನೊಬ್ಬರು. ಎರಡೂ ತಪ್ಪು. ಆದರೆ ಅಕ್ಕ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. ಸರಕಾರಿ ಕಟ್ಟಡಗಳ ಶೌಚಾಲಯದಲ್ಲಿ, ಹುಟ್ಟಿದಾಗ ಹೆಣ್ಣೋ ಗಂಡೋ ಎಂದು ಬರೆದ ಪ್ರಕಾರವೇ ಕೋಣೆ ಬಳಸಬೇಕು ಎನ್ನುವ ಈ ಕಾನೂನುಗಳ ಬಗ್ಗೆ ಹತ್ತು ವರ್ಷದಿಂದ ಅಲ್ಲಿ ಜಗಳ ನಡೆಯುತ್ತಿದೆ, ರಾಜ್ಯ ನಡೆಸುತ್ತಿದ್ದ ಒಬ್ಬ ಗವರ್ನರ್ ಚುನಾವಣೆ ಸೋತಿದ್ದಾರೆ, ಕಂಪನಿಗಳು ಕಚೇರಿ ತೆರೆಯುವ ಯೋಜನೆ ಕೈಬಿಟ್ಟಿವೆ. ಆದರೂ "ಚೆಕ್ ಮಾಡುವವರು ಯಾರು, ಹೇಗೆ" ಎನ್ನುವುದಕ್ಕೆ ಒಂದೊಂದು ರಾಜ್ಯ ಒಂದೊಂದು ಉತ್ತರ ಕೊಡುತ್ತದೆ. ಅಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ, ಓದುವ ಮಕ್ಕಳಿದ್ದಾರೆ, ಆರು ತಿಂಗಳು ಮೊಮ್ಮಗುವನ್ನು ನೋಡಿಕೊಳ್ಳಲು ಹೋಗುವ ಅಜ್ಜ ಅಜ್ಜಿಯರಿದ್ದಾರೆ. ಹಾಗಾಗಿ ಮೊದಲಿನಿಂದ ನೋಡೋಣ.

ಖಾಸಗಿ ಜಾಗ, ಆದರೆ ಸರಕಾರಿ ಕಟ್ಟಡ

ಟೆಕ್ಸಸ್‌ನ ಹೊಸ ಕಾನೂನಿನಲ್ಲಿ ‘ಪ್ರೈವೇಟ್ ಸ್ಪೇಸ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಫ್ಲಾರಿಡಾದ ಕಾನೂನಿಗಂತೂ ಹೆಸರೇ ‘ಸೇಫ್ಟಿ ಇನ್ ಪ್ರೈವೇಟ್ ಸ್ಪೇಸಸ್ ಆಕ್ಟ್’. ಇದನ್ನು ಕೇಳಿದ ಕೂಡಲೇ ನಮಗೆ ಯಾರದೋ ಸ್ವಂತ ಮನೆಯೋ ಸೈಟೋ ನೆನಪಾಗುತ್ತದೆ. ಇಲ್ಲಿ ಆ ಅರ್ಥ ಇಲ್ಲ. ಜನ ಬಟ್ಟೆ ಬಿಚ್ಚುವ, ಬದಲಿಸುವ, ಸ್ನಾನ ಮಾಡುವ, ಶೌಚಕ್ಕೆ ಹೋಗುವ ಕೋಣೆಗಳು, ಅಷ್ಟೇ. ಅದೂ ಒಂದೇ ಸಲಕ್ಕೆ ಒಬ್ಬರಿಗಿಂತ ಜಾಸ್ತಿ ಜನ ಬಳಸುವಂಥವು. ರೆಸ್ಟ್‌ರೂಮು, ಲಾಕರ್ ರೂಮು, ಬಟ್ಟೆ ಬದಲಿಸುವ ಕೋಣೆ, ಸಾಲಾಗಿ ಶವರ್ ಇರುವ ಕೋಣೆ.

ಇನ್ನೊಂದು ಮುಖ್ಯ ವಿಷಯ. ಟೆಕ್ಸಸ್ ಕಾನೂನು ಅನ್ವಯ ಆಗುವುದು ಸರಕಾರದ್ದೋ ಸ್ಥಳೀಯ ಸಂಸ್ಥೆಯದ್ದೋ ಆದ ಕಟ್ಟಡಗಳಿಗೆ. ಸರಕಾರಿ ಶಾಲೆ, ಸರಕಾರಿ ಯೂನಿವರ್ಸಿಟಿ, ನಗರದ ಲೈಬ್ರರಿ, ಕೋರ್ಟು, ಕಚೇರಿ. ಖಾಸಗಿ ಅಂಗಡಿ, ಹೋಟೆಲು, ಸಿನಿಮಾ ಮಂದಿರ, ದೇವಸ್ಥಾನ ಇದರೊಳಗೆ ಬರುವುದಿಲ್ಲ. ಆದರೆ ಎಷ್ಟೋ ಊರುಗಳಲ್ಲಿ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಸರಕಾರಿ ಹೈಸ್ಕೂಲಿನ ಆಡಿಟೋರಿಯಂ ಬಾಡಿಗೆಗೆ ಹಿಡಿಯುತ್ತಾರಲ್ಲ, ಅಲ್ಲಿನ ರೆಸ್ಟ್‌ರೂಮಿಗೆ ಕಾನೂನು ಅನ್ವಯ ಆಗುತ್ತದೆ. ಕಟ್ಟಡ ಯಾರದು ಎನ್ನುವುದು ಇಲ್ಲಿ ಲೆಕ್ಕ, ಒಳಗೆ ಕಾರ್ಯಕ್ರಮ ಮಾಡುವವರು ಯಾರು ಎನ್ನುವುದಲ್ಲ.

ಅಮೆರಿಕ ನೋಡದವರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಇಷ್ಟಕ್ಕೆ ಯಾಕೆ ಇಷ್ಟು ಗಲಾಟೆ ಎನಿಸುತ್ತದೆ. ಅಲ್ಲಿನ ಸಾರ್ವಜನಿಕ ರೆಸ್ಟ್‌ರೂಮಿನಲ್ಲಿ ಒಳಗಿನ ಚಿಕ್ಕ ಚಿಕ್ಕ ಕೋಣೆಗಳ ಬಾಗಿಲು ಸಾಮಾನ್ಯವಾಗಿ ನೆಲಕ್ಕೆ ತಾಗುವುದಿಲ್ಲ. ಕೆಳಗೆ ಹೆಚ್ಚುಕಮ್ಮಿ ಅಡಿಯಷ್ಟು ಖಾಲಿ, ಮೇಲೂ ಖಾಲಿ, ಬಾಗಿಲಿಗೂ ಕಂಬಕ್ಕೂ ನಡುವೆ ಸಂದು. ನಮ್ಮವರು ಮೊದಲ ಸಲ ಹೋದಾಗ ಇದನ್ನು ನೋಡಿ ಗಾಬರಿ ಬೀಳುತ್ತಾರೆ. ಹಾಗೆಯೇ ಅಲ್ಲಿನ ಶಾಲೆಗಳಲ್ಲಿ ಪಿಟಿ ಪೀರಿಯಡ್‌ಗೆ ಮೊದಲು ಹುಡುಗರೆಲ್ಲ ಒಂದು ಲಾಕರ್ ರೂಮಿನಲ್ಲಿ, ಹುಡುಗಿಯರೆಲ್ಲ ಇನ್ನೊಂದರಲ್ಲಿ ಒಟ್ಟಿಗೇ ಬಟ್ಟೆ ಬದಲಿಸುವ ರೂಢಿ ಇದೆ. ಮರೆ ಅನ್ನುವುದೇ ಕಮ್ಮಿ ಇರುವ ಜಾಗ ಇದು. ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದು ಅಷ್ಟು ದೊಡ್ಡ ವಿಷಯವಾಗಲು ಇದೂ ಒಂದು ಕಾರಣ.

ಯಾರ ಬಗ್ಗೆ ಈ ಕಾನೂನು

ಹುಟ್ಟಿದಾಗ ಡಾಕ್ಟರು ನೋಡಿ ಹೆಣ್ಣು ಅಥವಾ ಗಂಡು ಎಂದು ಬರೆಯುತ್ತಾರೆ. ಬಹುತೇಕರಿಗೆ ಬೆಳೆದ ಮೇಲೂ ಅದೇ ಸರಿ ಎನಿಸುತ್ತದೆ. ಕೆಲವರಿಗೆ ಹಾಗೆನಿಸುವುದಿಲ್ಲ. ಗಂಡು ಎಂದು ಬರೆಸಿಕೊಂಡವರು ಹೆಣ್ಣಾಗಿ ಬದುಕುತ್ತಾರೆ, ಹೆಣ್ಣು ಎಂದು ಬರೆಸಿಕೊಂಡವರು ಗಂಡಾಗಿ ಬದುಕುತ್ತಾರೆ. ಇವರನ್ನು ಟ್ರಾನ್ಸ್‌ಜೆಂಡರ್ ಎನ್ನುತ್ತಾರೆ, ಕನ್ನಡದಲ್ಲಿ ಈಗ ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮಾತು ಬಳಕೆಯಲ್ಲಿದೆ. ಜೋಗತಿ ನೃತ್ಯ ಮಾಡುವ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ಜೋಗತಿ ಪರಂಪರೆಯಂಥದ್ದು ಇಲ್ಲ. ಅಲ್ಲಿ ಇವರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಎಲ್ಲರ ನಡುವೆ ಕೆಲಸ ಮಾಡುತ್ತಿರುತ್ತಾರೆ, ಎಷ್ಟೋ ಸಲ ಪಕ್ಕದವರಿಗೆ ಗೊತ್ತೂ ಇರುವುದಿಲ್ಲ.

ಬಾತ್‌ರೂಮ್ ಕಾನೂನು ಎಂದು ಜನ ಕರೆಯುವುದು ಯಾವುದನ್ನು? ಹುಟ್ಟಿದಾಗ ಬರೆದದ್ದು ಯಾವುದೋ ಆ ಕೋಣೆಯನ್ನೇ ಬಳಸಬೇಕು, ಈಗ ಹೇಗೆ ಬದುಕುತ್ತಿದ್ದೀರಿ ಎನ್ನುವುದು ಲೆಕ್ಕಕ್ಕಿಲ್ಲ ಎನ್ನುವ ಕಾನೂನನ್ನು.

ಇದರ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಹೆಂಗಸರ ಕೋಣೆಯ ಮೇಲೆಯೇ ಇರುತ್ತದೆ. ಆದರೆ ನಿಯಮ ಎರಡೂ ಕಡೆಗೆ. ಹೆಣ್ಣಾಗಿ ಹುಟ್ಟಿ, ಈಗ ಗಡ್ಡ ಮೀಸೆ ಬಂದು, ದನಿ ಗಡುಸಾಗಿ, ಪೂರ್ತಿ ಗಂಡಸಿನಂತೆ ಕಾಣುವ ಒಬ್ಬರಿದ್ದಾರೆ ಎಂದುಕೊಳ್ಳಿ. ಕಾನೂನಿನ ಪ್ರಕಾರ ಅವರು ಹೋಗಬೇಕಾದ್ದು ಹೆಂಗಸರ ಕೋಣೆಗೆ. ಒಳಗಿರುವ ಹೆಂಗಸರಿಗೆ ಕಾಣುವುದು ಗಡ್ಡಧಾರಿ ಗಂಡಸು. ಈ ಒಂದು ಚಿತ್ರ ತಲೆಯಲ್ಲಿದ್ದರೆ ಮುಂದಿನ ತೊಡಕುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಎರಡು ಬಾಗಿಲು ಬಂದದ್ದು ಯಾವಾಗ

ಗಂಡಸರಿಗೊಂದು ಹೆಂಗಸರಿಗೊಂದು ಎನ್ನುವುದು ಮೊದಲಿನಿಂದಲೂ ಇತ್ತು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಅಮೆರಿಕದಲ್ಲಿ ಅದನ್ನು ಕಾನೂನು ಮಾಡಿದ ಮೊದಲ ರಾಜ್ಯ ಮ್ಯಾಸಚೂಸೆಟ್ಸ್, 1887ರಲ್ಲಿ. ಹೆಂಗಸರು ಕಾರ್ಖಾನೆಗಳಿಗೆ ಕೆಲಸಕ್ಕೆ ಬರತೊಡಗಿದ್ದರು, ಕಾರ್ಖಾನೆಗಳಲ್ಲಿ ಅವರಿಗೆಂದು ಬೇರೆ ಶೌಚಾಲಯ ಇರಬೇಕು ಎಂದು ಆ ರಾಜ್ಯ ಹೇಳಿತು. 1920ರ ಹೊತ್ತಿಗೆ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನು ಇತ್ತು. ಆಮೇಲೆ ಅದು ಕಟ್ಟಡದ ನಿಯಮಗಳೊಳಗೆ ಸೇರಿಹೋಯಿತು.

ಆ ಹಳೆಯ ಕಾನೂನುಗಳು ಹೇಳಿದ್ದು ಮಾಲೀಕನಿಗೆ: ಎರಡು ಕೋಣೆ ಕಟ್ಟಿಸು. ಯಾವ ಕೋಣೆಗೆ ಯಾರು ಹೋಗಬೇಕು ಎನ್ನುವುದನ್ನು ಜನರ ರೂಢಿಗೆ ಬಿಟ್ಟಿದ್ದವು. ಬಳಸುವವರ ಜನನ ಪ್ರಮಾಣಪತ್ರದ ಮಾತು ಬಂದದ್ದು ಇತ್ತೀಚೆಗೆ, ಅದು ಇಡೀ ದೇಶದ ಸುದ್ದಿಯಾದದ್ದು 2016ರಲ್ಲಿ.

ಷಾರ್ಲಟ್ ನಗರ, ಒಂದೇ ದಿನದ ಕಾನೂನು

ನಾರ್ತ್ ಕ್ಯಾರೊಲೈನಾ ರಾಜ್ಯದ ದೊಡ್ಡ ನಗರ ಷಾರ್ಲಟ್. 2016ರ ಫೆಬ್ರವರಿ 22ರಂದು ಅಲ್ಲಿನ ನಗರಸಭೆ 7-4 ಮತಗಳಿಂದ ಒಂದು ನಿಯಮ ಮಾಡಿತು. ಸಲಿಂಗಿಗಳಿಗೆ, ಟ್ರಾನ್ಸ್ ಜನರಿಗೆ ಅಂಗಡಿ ಹೋಟೆಲುಗಳಲ್ಲಿ ಭೇದ ಮಾಡುವಂತಿಲ್ಲ ಎಂದು. ಟ್ರಾನ್ಸ್ ಜನ ತಾವು ಬದುಕುತ್ತಿರುವ ರೀತಿಗೆ ಹೊಂದುವ ರೆಸ್ಟ್‌ರೂಮ್ ಬಳಸಬಹುದು ಎನ್ನುವುದೂ ಅದರೊಳಗೆ ಬಂತು. ಏಪ್ರಿಲ್ 1ರಿಂದ ಜಾರಿ ಎಂದಾಯಿತು.

ರಾಜ್ಯದ ಶಾಸನಸಭೆ ಸುಮ್ಮನಿರಲಿಲ್ಲ. ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆದರು. ಬೆಳಿಗ್ಗೆ ಮಸೂದೆ ಬಂತು, ಎರಡೂ ಸದನ ದಾಟಿತು, ರಾತ್ರಿಯ ಹೊತ್ತಿಗೆ ಗವರ್ನರ್ (ಅಲ್ಲಿ ಜನ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಪ್ಯಾಟ್ ಮೆಕ್‌ಕ್ರೋರಿ ಸಹಿ ಹಾಕಿದರು. ಮೇಲ್ಮನೆಯಾದ ಸೆನೆಟ್‌ನಲ್ಲಿ ವಿರೋಧ ಪಕ್ಷದ ಡೆಮಾಕ್ರಾಟರು ಎದ್ದು ಹೊರನಡೆದರು, ಉಳಿದವರು 32-0 ಎಂದು ಪಾಸು ಮಾಡಿದರು. ಇದೇ ಎಚ್‌ಬಿ2, ಅಂದರೆ ಹೌಸ್ ಬಿಲ್ 2. ಸರಕಾರಿ ಕಚೇರಿ, ಸರಕಾರಿ ಶಾಲೆಗಳ ರೆಸ್ಟ್‌ರೂಮುಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಅದರ ಪ್ರಕಾರವೇ ನಡೆಯಬೇಕು ಎಂದಿತು. ಜೊತೆಗೆ ನಗರಗಳು ಭೇದಭಾವ ತಡೆಯುವ ಇಂಥ ನಿಯಮಗಳನ್ನು ತಾವಾಗಿಯೇ ಮಾಡುವಂತಿಲ್ಲ, ಖಾಸಗಿ ಕಂಪನಿಗಳ ಕನಿಷ್ಠ ಕೂಲಿಯನ್ನೂ ನಿಗದಿ ಮಾಡುವಂತಿಲ್ಲ ಎಂದಿತು. ಟಾಯ್ಲೆಟ್ ಕಾನೂನಿನೊಳಗೆ ಕೂಲಿ ಕಾನೂನು ಯಾಕೆ ಬಂತು ಎಂದು ಅಲ್ಲಿ ಬಹಳ ಜನ ಕೇಳಿದರು.

ನಗರ ಮಾಡಿದ್ದನ್ನು ರಾಜ್ಯ ಒಂದೇ ದಿನದಲ್ಲಿ ಅಳಿಸಬಹುದಾ? ಅಳಿಸಬಹುದು. ಅಲ್ಲಿಯೂ ನಗರಸಭೆಗೆ ಅಧಿಕಾರ ಬರುವುದು ರಾಜ್ಯ ಕೊಟ್ಟರೆ. ವಿಧಾನಸೌಧದಲ್ಲಿ ಒಂದು ಕಾನೂನು ಮಾಡಿ ಬಿಬಿಎಂಪಿಯನ್ನೇ ತೆಗೆದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಮಾಡಿದರಲ್ಲ, ಹಾಗೆ. ಆದರೆ ರಾಜ್ಯಕ್ಕೂ ಕೇಂದ್ರಕ್ಕೂ ಇರುವ ಸಂಬಂಧದಲ್ಲಿ ನಮಗೂ ಅವರಿಗೂ ವ್ಯತ್ಯಾಸ ಇದೆ. ನಮ್ಮ ಸಂವಿಧಾನದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಉಲ್ಟಾ, ಕೇಂದ್ರಕ್ಕೆ ಬರೆದು ಕೊಡದೇ ಇರುವುದೆಲ್ಲ ರಾಜ್ಯಗಳದ್ದು ಅಥವಾ ಜನರದ್ದು. ಅದಕ್ಕೇ ಇಂಥ ವಿಷಯದಲ್ಲಿ ಪಕ್ಕ ಪಕ್ಕದ ಎರಡು ರಾಜ್ಯಗಳಲ್ಲಿ ಪೂರಾ ಬೇರೆ ಬೇರೆ ಕಾನೂನು ಇರುತ್ತದೆ. ಟೆಕ್ಸಸ್‌ನದು ಟ್ರಂಪ್ ಮಾಡಿದ ಕಾನೂನು ಎನ್ನುವುದು ತಪ್ಪಾಗುವುದು ಈ ಕಾರಣಕ್ಕೆ.

ಎಚ್‌ಬಿ2 ಬಂದ ಮೇಲೆ ಆದದ್ದು ದೊಡ್ಡ ಕತೆ. ಪೇಪಾಲ್ ಕಂಪನಿ ಷಾರ್ಲಟ್‌ನಲ್ಲಿ 400 ಕೆಲಸದ ಕಚೇರಿ ತೆರೆಯುವುದಾಗಿ ಹೇಳಿತ್ತು, ಕೈಬಿಟ್ಟಿತು. ಡಾಯ್ಚ ಬ್ಯಾಂಕ್ ಕೇರಿ ಎಂಬ ಊರಿನಲ್ಲಿ 250 ಜನರನ್ನು ಸೇರಿಸಿಕೊಳ್ಳುವ ಯೋಜನೆ ನಿಲ್ಲಿಸಿತು. ಕೇರಿ ಎಂದರೆ ರಾಲಿ-ಡರ್ಹಮ್ ಪಕ್ಕದ ಐಟಿ ಊರು, ಕನ್ನಡದ ಮನೆಗಳೂ ಇರುವ ಊರು. ಬಾಸ್ಕೆಟ್‌ಬಾಲ್ ಸಂಸ್ಥೆ ಎನ್‌ಬಿಎ 2017ರ ಆಲ್ ಸ್ಟಾರ್ ಪಂದ್ಯವನ್ನು ಷಾರ್ಲಟ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಒಯ್ದಿತು. ಹನ್ನೆರಡು ವರ್ಷದಲ್ಲಿ ರಾಜ್ಯಕ್ಕೆ 376 ಕೋಟಿ ಡಾಲರ್ ಹೋಗುತ್ತದೆ ಎಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿತು. ಅಷ್ಟರಲ್ಲಿ ನವೆಂಬರ್ ಚುನಾವಣೆಯಲ್ಲಿ ಮೆಕ್‌ಕ್ರೋರಿ ಸುಮಾರು ಹತ್ತು ಸಾವಿರ ಮತಗಳಿಂದ ಸೋತಿದ್ದರು. 2017ರ ಮಾರ್ಚ್ 30ರಂದು ಎಚ್‌ಬಿ2 ರದ್ದಾಯಿತು. ರದ್ದು ಮಾಡಿದ ಕಾನೂನಿನಲ್ಲೇ, ರೆಸ್ಟ್‌ರೂಮಿನ ವಿಷಯದಲ್ಲಿ ನಗರಗಳು ತಾವಾಗಿ ಏನೂ ಮಾಡುವಂತಿಲ್ಲ ಎಂದು ರಾಜ್ಯ ತನ್ನ ಕೈಯಲ್ಲೇ ಹಿಡಿತ ಇಟ್ಟುಕೊಂಡಿತು.

ಇಷ್ಟೆಲ್ಲ ಆದರೂ ಆ ಕಾನೂನಿನಲ್ಲಿ ಒಂದು ವಿಷಯ ಇರಲೇ ಇಲ್ಲ. ಮೀರಿದರೆ ಶಿಕ್ಷೆ ಏನು, ನೋಡುವವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ.

ಕಂಡಕ್ಟರ್ ಇಲ್ಲದ ಬಸ್ಸು

ನಮ್ಮ ಬಸ್ಸಿನಲ್ಲಿ ಕಿಟಕಿ ಮೇಲೆ ‘ಮಹಿಳೆಯರಿಗೆ’ ಎಂದು ಬರೆದಿರುತ್ತದೆ. ಗಂಡಸು ಕೂತಿದ್ದರೆ ನಿಂತ ಹೆಂಗಸು ಮೊದಲು ಕಣ್ಣಲ್ಲಿ ಹೇಳುತ್ತಾಳೆ, ಆಮೇಲೆ ಬಾಯಲ್ಲಿ, ಕೊನೆಗೆ ಕಂಡಕ್ಟರ್ ಬಂದು "ಏಳ್ರೀ" ಎನ್ನುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುತ್ತಾರೆ. ಅಂದರೆ ಬರೆದ ನಿಯಮ ಒಂದು, ಜಾರಿ ಮಾಡುವ ಒಬ್ಬ ಮನುಷ್ಯ, ತೋರಿಸುವ ಒಂದು ಕಾಗದ, ಈ ಮೂರೂ ಇವೆ. ರೆಸ್ಟ್‌ರೂಮಿನಲ್ಲಿ ನಿಯಮ ಮಾತ್ರ ಇದೆ. ಬಾಗಿಲಲ್ಲಿ ಯಾರೂ ಇಲ್ಲ. ಕಾಗದ ಯಾರೂ ಕೇಳುವುದಿಲ್ಲ, ಯಾರೂ ಇಟ್ಟುಕೊಂಡಿರುವುದೂ ಇಲ್ಲ.

ಎಚ್‌ಬಿ2 ನಂತರ ಕಾನೂನು ಬರೆದವರಿಗೆಲ್ಲ ಈ ಕಗ್ಗಂಟು ಬಿಡಿಸುವುದೇ ಕೆಲಸವಾಯಿತು. 2025ರ ಕೊನೆಗೆ ಸುಮಾರು 20 ರಾಜ್ಯಗಳಲ್ಲಿ ಒಂದಲ್ಲ ಒಂದು ರೀತಿಯ ಬಾತ್‌ರೂಮ್ ಕಾನೂನು ಇದೆ. ಕೆಲವು ಶಾಲೆಗಳಿಗೆ ಮಾತ್ರ, ಕೆಲವು ಎಲ್ಲ ಸರಕಾರಿ ಕಟ್ಟಡಗಳಿಗೆ. ಯಾರ ಮೇಲೆ ಹೊರೆ ಹಾಕಿದ್ದಾರೆ ಎಂದು ನೋಡಿದರೆ ಒಂದೊಂದರ ಸ್ವಭಾವ ತಿಳಿಯುತ್ತದೆ.

ಫ್ಲಾರಿಡಾ 2023ರಲ್ಲಿ ಹೊರೆಯನ್ನು ಬಳಸುವ ವ್ಯಕ್ತಿಯ ಮೇಲೆ ಹಾಕಿತು. ಸರಕಾರಿ ಕಟ್ಟಡದಲ್ಲಿ ಹದಿನೆಂಟು ದಾಟಿದವರು ಬೇಕೆಂದೇ ಇನ್ನೊಂದು ಲಿಂಗದವರ ರೆಸ್ಟ್‌ರೂಮಿಗೆ ಹೋಗಿ, ಅಲ್ಲಿನ ಸಿಬ್ಬಂದಿ ಹೊರಗೆ ಹೋಗಿ ಎಂದ ಮೇಲೂ ಹೋಗದಿದ್ದರೆ ಅದು ಅತಿಕ್ರಮ ಪ್ರವೇಶ. 60 ದಿನದ ತನಕ ಜೈಲು, 500 ಡಾಲರ್ ತನಕ ದಂಡ. ಗಮನಿಸಿ, ಒಳಗೆ ಹೋದ ಕೂಡಲೇ ಅಪರಾಧ ಅಲ್ಲ. ಹೇಳಿದ ಮೇಲೂ ನಿಂತರೆ ಅಪರಾಧ. 2025ರ ಮಾರ್ಚ್‌ನಲ್ಲಿ ಒಬ್ಬ ಟ್ರಾನ್ಸ್ ವಿದ್ಯಾರ್ಥಿನಿ ತಾನು ಬರುತ್ತೇನೆ ಎಂದು ಶಾಸಕರಿಗೆ ಮೊದಲೇ ಪತ್ರ ಬರೆದು, ಫ್ಲಾರಿಡಾದ ಶಾಸನಸಭೆ ಕಟ್ಟಡದಲ್ಲಿ ಹೆಂಗಸರ ರೆಸ್ಟ್‌ರೂಮಿಗೆ ಹೋಗಿ ಕೈ ತೊಳೆದಳು. ಪೊಲೀಸರು ಬಂಧಿಸಿದರು. ಮುಂದೆ ಕೋರ್ಟಿನಲ್ಲಿ ಆ ಪ್ರಕರಣ ವಜಾ ಆಯಿತು.

ನಮ್ಮವರಿಗೆ ಬೇಕಾದ ಮಾತು ಇಲ್ಲಿದೆ. ಚಿಕ್ಕ ಮಗುವನ್ನು ಕರೆದುಕೊಂಡು ಹೋಗುವವರು, ವಯಸ್ಸಾದವರಿಗೆ ಅಥವಾ ಅಂಗವಿಕಲರಿಗೆ ಸಹಾಯ ಮಾಡುವವರು, ಸ್ವಚ್ಛತೆ ಮಾಡುವವರು, ತುರ್ತು ಕೆಲಸದವರು, ಇವರಿಗೆಲ್ಲ ಫ್ಲಾರಿಡಾ ಕಾನೂನಿನಲ್ಲಿ ವಿನಾಯಿತಿ ಇದೆ. ಮೊಮ್ಮಗನನ್ನು ಹೆಂಗಸರ ಕೋಣೆಗೆ ಕರೆದೊಯ್ಯುವ ಅಜ್ಜಿ ಹೆದರಬೇಕಿಲ್ಲ.

ಟೆನ್ನೆಸ್ಸಿ 2021ರಲ್ಲಿ ಬೇರೆ ದಾರಿ ಹಿಡಿಯಿತು. ಅದು ಶಾಲೆಗಳ ಕಾನೂನು. ಹುಡುಗಿಯರ ಕೋಣೆಯಲ್ಲಿ ಟ್ರಾನ್ಸ್ ವಿದ್ಯಾರ್ಥಿಯನ್ನು ಶಾಲೆ ಬಿಟ್ಟರೆ, ಅಲ್ಲಿದ್ದ ವಿದ್ಯಾರ್ಥಿಯೋ ಟೀಚರೋ ಶಾಲೆಯ ಮೇಲೆ ದಾವೆ ಹೂಡಬಹುದು. ಯೂಟಾ 2024ರ ಜನವರಿಯಲ್ಲಿ ಕಾನೂನು ಮಾಡಿ, ಸರಕಾರಿ ಸಂಸ್ಥೆಗಳ ಮೇಲೆ ದೂರು ತೆಗೆದುಕೊಳ್ಳುವ ಕೆಲಸವನ್ನು ರಾಜ್ಯದ ಆಡಿಟರ್‌ಗೆ ಕೊಟ್ಟಿತು. ಆನ್‌ಲೈನ್ ಫಾರಂ ತೆರೆದ ಕೆಲವೇ ದಿನಗಳಲ್ಲಿ ಸಾವಿರಾರು ಸುಳ್ಳು ದೂರು ಬಂದು ಬಿದ್ದವು. ಬಾತ್‌ರೂಮ್ ಕಾಯುವುದು ತಮ್ಮ ಕಚೇರಿಯ ಕೆಲಸ ಅಲ್ಲ ಎಂದು ಆಡಿಟರ್ ಜಾನ್ ಡೂಗಲ್ ಬೇಸರದಿಂದ ಹೇಳಬೇಕಾಯಿತು.

ಈಗ ಟೆಕ್ಸಸ್. 2017ರಲ್ಲೂ ಅಲ್ಲಿ ಪ್ರಯತ್ನ ನಡೆದಿತ್ತು, ಕೆಳಮನೆಯಲ್ಲಿ ನಿಂತುಹೋಗಿತ್ತು. 2025ರಲ್ಲಿ ಸೆನೆಟ್ ಬಿಲ್ 8 ಪಾಸಾಗಿ ಡಿಸೆಂಬರ್ 4ರಿಂದ ಜಾರಿಗೆ ಬಂತು. ಇದು ವ್ಯಕ್ತಿಗೆ ದಂಡ ಹಾಕುವುದಿಲ್ಲ. ಸಂಸ್ಥೆಗೆ ಹಾಕುತ್ತದೆ. ಮೊದಲ ಸಲ 25,000 ಡಾಲರ್, ಅಂದರೆ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಆಮೇಲಿನ ಪ್ರತಿ ಸಲಕ್ಕೆ 1,25,000 ಡಾಲರ್, ಒಂದು ಕೋಟಿಗೂ ಮೇಲೆ. ಜನ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಬೇಕು, ಅದು ಸರಿ ಮಾಡದಿದ್ದರೆ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ವಕೀಲರ, ಕಚೇರಿಗೆ ಹೋಗಬಹುದು. ರೆಸ್ಟ್‌ರೂಮಿನ ಜೊತೆಗೆ ಜೈಲುಗಳನ್ನೂ, ಮನೆಯಲ್ಲಿ ಹಿಂಸೆಗೆ ಒಳಗಾದ ಹೆಂಗಸರ ಆಶ್ರಯ ಕೇಂದ್ರಗಳನ್ನೂ ಈ ಕಾನೂನು ಒಳಗೆ ತಂದಿದೆ.

ವ್ಯಕ್ತಿಗೆ ಶಿಕ್ಷೆ ಇಲ್ಲ ಎಂದರೆ ಮೆದು ಕಾನೂನು ಎಂದು ಮೊದಲಿಗೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಸ್ವಲ್ಪ ಯೋಚಿಸಿದರೆ ಬೇರೆಯೇ ಕಾಣುತ್ತದೆ. ಸಂಸ್ಥೆ ‘ತಕ್ಕ ಕ್ರಮ’ ತೆಗೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಆ ಕ್ರಮ ಹೇಗಿರಬೇಕು ಎನ್ನುವುದನ್ನು ಆಯಾ ಸಂಸ್ಥೆಗೆ ಬಿಟ್ಟಿದೆ. ಬೋರ್ಡು ಹಾಕಿದರೆ ಸಾಕಾ, ಸಿಬ್ಬಂದಿಗೆ ಹೇಳಬೇಕಾ, ಗುರುತಿನ ಚೀಟಿ ಕೇಳಬೇಕಾ? ಕೋಟಿ ರೂಪಾಯಿ ದಂಡದ ಭಯದಲ್ಲಿ ಒಂದು ಕಾಲೇಜು ಒಂದು ಮಾಡುತ್ತದೆ, ಇನ್ನೊಂದು ಇನ್ನೊಂದು ಮಾಡುತ್ತದೆ. ಅಲ್ಲಿ ಓದುವವರು, ಕೆಲಸ ಮಾಡುವವರು ತಮ್ಮ ಸಂಸ್ಥೆ ಏನು ಸುತ್ತೋಲೆ ಕಳಿಸಿದೆ ಎಂದು ಓದಿಕೊಳ್ಳುವುದು ಇದಕ್ಕೇ ಒಳ್ಳೆಯದು.

ಪರ ಇರುವವರ ಮಾತು, ವಿರೋಧ ಇರುವವರ ಮಾತು

ಕಾನೂನಿನ ಪರ ಇರುವವರು ಹೇಳುವುದು ಹೀಗೆ. ಬಟ್ಟೆ ಬದಲಿಸುವ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಮರೆ ಬೇಕು, ನೆಮ್ಮದಿ ಬೇಕು. ಗಂಡು ದೇಹದ ಒಬ್ಬರು ಅಲ್ಲಿದ್ದರೆ ಅವರ ಮನಸ್ಸಿನಲ್ಲಿ ಏನಿದೆ ಎನ್ನುವುದು ಹದಿನಾಲ್ಕರ ಹುಡುಗಿಗೆ ಗೊತ್ತಾಗುವುದಿಲ್ಲ, ಅವಳಿಗೆ ಮುಜುಗರ ಆಗುತ್ತದೆ, ಆ ಮುಜುಗರಕ್ಕೆ ಬೆಲೆ ಇದೆ. ಹಿಂಸೆ ಅನುಭವಿಸಿ ಆಶ್ರಯ ಕೇಂದ್ರಕ್ಕೆ ಬಂದ ಹೆಂಗಸರಿಗಂತೂ ಇದು ಇನ್ನೂ ದೊಡ್ಡ ವಿಷಯ. ಅಲ್ಲದೆ ‘ಅವರವರು ಹೇಳಿಕೊಂಡಂತೆ’ ಎನ್ನುವ ಅಳತೆಯನ್ನು ಕೆಟ್ಟ ಉದ್ದೇಶದ ಗಂಡಸು ದುರುಪಯೋಗ ಮಾಡಿಕೊಂಡರೆ ತಡೆಯುವುದು ಹೇಗೆ? ಜನನ ಪ್ರಮಾಣಪತ್ರ ಎಂದರೆ ಗೆರೆ ಸ್ಪಷ್ಟ.

ವಿರೋಧಿಸುವವರು ಹೇಳುವುದು: ಇಣುಕುವುದು, ಕ್ಯಾಮೆರಾ ಇಡುವುದು, ಮೈ ಮುಟ್ಟುವುದು ಎಲ್ಲ ಕಡೆ ಮೊದಲಿನಿಂದಲೂ ಅಪರಾಧ, ಯಾರೇ ಮಾಡಿದರೂ. ಹೊಸ ಕಾನೂನಿನಿಂದ ಅದು ಹೆಚ್ಚೇನೂ ತಡೆಯುವುದಿಲ್ಲ. ಹೆಣ್ಣಾಗಿ ಬದುಕುತ್ತಿರುವ ಟ್ರಾನ್ಸ್ ವ್ಯಕ್ತಿಯನ್ನು ಗಂಡಸರ ಕೋಣೆಗೆ ಕಳಿಸಿದರೆ ಅಲ್ಲಿ ಅವಳಿಗೇ ಅಪಾಯ. ಅದಕ್ಕೇ ಎಷ್ಟೋ ಜನ ಇಡೀ ದಿನ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಇರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಶೌಚಾಲಯ ಸರಿ ಇಲ್ಲದೆ ನಮ್ಮ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ ಅಲ್ವಾ, ಆ ಸಂಕಟ ನಮಗೆ ವಿವರಿಸಬೇಕಿಲ್ಲ.

ನಡೆದದ್ದೇನು ಎಂದು ನೋಡಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ವಿಲಿಯಮ್ಸ್ ಇನ್‌ಸ್ಟಿಟ್ಯೂಟ್ ಸಂಶೋಧಕರು 2018ರಲ್ಲಿ ಮ್ಯಾಸಚೂಸೆಟ್ಸ್‌ನ ಊರುಗಳನ್ನು ಹೋಲಿಸಿದರು. ಟ್ರಾನ್ಸ್ ಜನರಿಗೆ ತಮಗೆ ಹೊಂದುವ ಕೋಣೆ ಬಳಸಲು ಬಿಟ್ಟ ಊರುಗಳಲ್ಲಿ, ಬಿಡದ ಊರುಗಳಿಗಿಂತ ರೆಸ್ಟ್‌ರೂಮಿನ ಅಪರಾಧ ಹೆಚ್ಚಾಗಿರಲಿಲ್ಲ. ಇದು ಒಂದೇ ರಾಜ್ಯದ ಅಧ್ಯಯನ, ಅಪರಾಧದ ಬಗ್ಗೆ ಮಾತ್ರ ಹೇಳುತ್ತದೆ. ಮುಜುಗರವನ್ನು ಹೀಗೆ ಅಳೆಯಲು ಬರುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಅಕ್ಕ ಕೇಳಿದ ಗಿಡ್ಡ ಕೂದಲಿನ ಪ್ರಶ್ನೆ. ಕಾಗದ ಯಾರೂ ಕೇಳದ ಜಾಗದಲ್ಲಿ ಜನ ಮುಖ ನೋಡಿ, ಮೈಕಟ್ಟು ನೋಡಿ, ಬಟ್ಟೆ ನೋಡಿ ತೀರ್ಮಾನಿಸುತ್ತಾರೆ. ಎತ್ತರ ಇರುವ, ಕೂದಲು ಗಿಡ್ಡ ಇರುವ, ದನಿ ಸ್ವಲ್ಪ ದಪ್ಪ ಇರುವ ಹೆಂಗಸರೂ ಆ ಅನುಮಾನಕ್ಕೆ ಸಿಕ್ಕಿಬೀಳುತ್ತಾರೆ. 2025ರ ಮೇ ತಿಂಗಳಲ್ಲಿ ಬಾಸ್ಟನ್‌ನ ಒಂದು ಹೋಟೆಲಿನಲ್ಲಿ ಹೀಗಾಯಿತು. ಹೆಣ್ಣಾಗಿಯೇ ಹುಟ್ಟಿದ ಒಬ್ಬಳು ಹೆಂಗಸರ ರೆಸ್ಟ್‌ರೂಮಿನ ಚಿಕ್ಕ ಕೋಣೆಯೊಳಗೆ ಇದ್ದಾಗ ಸೆಕ್ಯುರಿಟಿಯವನು ಬಾಗಿಲು ಬಡಿದು ಹೊರಗೆ ಕರೆದು ಗುರುತಿನ ಚೀಟಿ ಕೇಳಿದ. ಆ ರಾಜ್ಯದಲ್ಲಿ ಇಂಥ ಕಾನೂನೇ ಇಲ್ಲ, ಅದು ಖಾಸಗಿ ಹೋಟೆಲು. ಗುಮಾನಿ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ.

ಕೋರ್ಟುಗಳು ಏನು ಹೇಳಿವೆ

ಇಡೀ ದೇಶಕ್ಕೆ ಒಂದೇ ಉತ್ತರ ಇನ್ನೂ ಸಿಕ್ಕಿಲ್ಲ. ಅಲ್ಲಿ ಸುಪ್ರೀಂ ಕೋರ್ಟಿನ ಕೆಳಗೆ ಕೆಲವು ರಾಜ್ಯಗಳಿಗೊಂದರಂತೆ ಸರ್ಕ್ಯೂಟ್ ಕೋರ್ಟುಗಳಿವೆ. ಒಂದು ಹೈಕೋರ್ಟ್ ಹೇಳಿದ್ದಕ್ಕೂ ಇನ್ನೊಂದು ಹೈಕೋರ್ಟ್ ಹೇಳಿದ್ದಕ್ಕೂ ತಾಳೆ ಆಗದೆ ಇರುವುದು ನಮ್ಮಲ್ಲೂ ಇದೆಯಲ್ಲ, ಹಾಗೆ.

ವರ್ಜೀನಿಯಾದ ಗ್ಯಾವಿನ್ ಗ್ರಿಮ್ ಎಂಬ ಟ್ರಾನ್ಸ್ ಹುಡುಗನಿಗೆ ಶಾಲೆ ಹುಡುಗರ ರೆಸ್ಟ್‌ರೂಮ್ ಕೊಡಲಿಲ್ಲ. ಇದು ಸಂವಿಧಾನದ ಸಮಾನತೆಗೂ, ಶಿಕ್ಷಣದಲ್ಲಿ ಲಿಂಗಭೇದ ಬೇಡ ಎನ್ನುವ 1972ರ ಟೈಟಲ್ 9 ಎಂಬ ಕೇಂದ್ರ ಕಾನೂನಿಗೂ ವಿರುದ್ಧ ಎಂದು ನಾಲ್ಕನೇ ಸರ್ಕ್ಯೂಟ್ 2020ರಲ್ಲಿ ಹೇಳಿತು. 2021ರಲ್ಲಿ ಸುಪ್ರೀಂ ಕೋರ್ಟು ಆ ಮೇಲ್ಮನವಿ ಕೇಳಲು ಒಪ್ಪಲಿಲ್ಲ, ಹುಡುಗ ಗೆದ್ದಂತಾಯಿತು. ಆದರೆ ಫ್ಲಾರಿಡಾದ ಅಂಥದ್ದೇ ಪ್ರಕರಣದಲ್ಲಿ ಹನ್ನೊಂದನೇ ಸರ್ಕ್ಯೂಟ್ 2022ರ ಡಿಸೆಂಬರಿನಲ್ಲಿ 7-4ರಿಂದ ಶಾಲೆ ಮಾಡಿದ್ದು ಸರಿ ಎಂದಿತು. ನೌಕರಿಯಲ್ಲಿ ಟ್ರಾನ್ಸ್ ಎಂಬ ಕಾರಣಕ್ಕೆ ಯಾರನ್ನೂ ತೆಗೆದುಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದಾಗಲೂ, ಬಾತ್‌ರೂಮಿನ ವಿಷಯವನ್ನು ಇಲ್ಲಿ ತೀರ್ಮಾನಿಸುತ್ತಿಲ್ಲ ಎಂದು ತೀರ್ಪಿನಲ್ಲೇ ಬರೆದಿತು.

ನಮ್ಮಲ್ಲಿ ಹೇಗೆ

ನಮ್ಮಲ್ಲಿ ಮಾತು ಶುರುವಾದದ್ದೇ ಬೇರೆ ಕಡೆಯಿಂದ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೂರನೇ ಲಿಂಗವನ್ನು ಗುರುತಿಸಿತು, ಇವರಿಗೆ ಬೇರೆ ಸಾರ್ವಜನಿಕ ಶೌಚಾಲಯ ಮಾಡಿಕೊಡಿ ಎಂದು ಸರಕಾರಗಳಿಗೆ ಹೇಳಿತು. 2017ರಲ್ಲಿ ಸ್ವಚ್ಛ ಭಾರತದ ಮಾರ್ಗಸೂಚಿಯಲ್ಲಿ, ಅವರು ಸಾರ್ವಜನಿಕ ಶೌಚಾಲಯದಲ್ಲಿ ಗಂಡಸರದ್ದೋ ಹೆಂಗಸರದ್ದೋ ತಮಗೆ ಬೇಕಾದ್ದು ಬಳಸಬಹುದು ಎಂದು ಕೇಂದ್ರ ಸರಕಾರ ಬರೆಯಿತು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿಕೊಂಡಿತು. ಬರೆದದ್ದು ಇಷ್ಟು. ಮೆಜೆಸ್ಟಿಕ್‌ನಲ್ಲೋ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲೋ ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ತೆಗೆದುಕೊಳ್ಳಲು ಕೂತವರು ಏನು ಮಾಡುತ್ತಾರೆ ಎನ್ನುವುದು ಬೇರೆ ವಿಷಯ, ಅವರು ನಮ್ಮ ಬಾಗಿಲಿನ ಕಂಡಕ್ಟರ್.

ಅಮೆರಿಕದಲ್ಲೂ ಕೆಲವರು ಜಗಳದಿಂದ ಹೊರಗೆ ಒಂದು ದಾರಿ ಹುಡುಕುತ್ತಿದ್ದಾರೆ, ಅದು ಬಡಗಿಯ ದಾರಿ. ನೆಲದಿಂದ ಸೂರಿನ ತನಕ ಗೋಡೆ ಬಾಗಿಲು ಇರುವ ಪ್ರತ್ಯೇಕ ಕೋಣೆಗಳು, ಹೊರಗೆ ಎಲ್ಲರಿಗೂ ಒಂದೇ ಕೈತೊಳೆಯುವ ಜಾಗ. ಎಷ್ಟೋ ರಾಜ್ಯಗಳು ಅನುಸರಿಸುವ ಅಂತರರಾಷ್ಟ್ರೀಯ ಪ್ಲಂಬಿಂಗ್ ನಿಯಮದ 2021ರ ಆವೃತ್ತಿ ಇದಕ್ಕೆ ಅವಕಾಶ ಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಮಾರ್ಚ್‌ನಿಂದ ಒಬ್ಬರೇ ಬಳಸುವ ಸಾರ್ವಜನಿಕ ರೆಸ್ಟ್‌ರೂಮಿಗೆ ಗಂಡು ಹೆಣ್ಣು ಎಂಬ ಬೋರ್ಡೇ ಇರುವಂತಿಲ್ಲ. ಹಳೆಯ ಕಟ್ಟಡ ಒಡೆದು ಕಟ್ಟಲು ದುಡ್ಡು ಬೇಕು, ಹಾಗಾಗಿ ಇದು ನಿಧಾನ.

ಅಕ್ಕನಿಗೆ ಬರೆದ ಉತ್ತರ

ಬರ್ತ್ ಸರ್ಟಿಫಿಕೇಟ್ ಹೊತ್ತುಕೊಂಡು ಓಡಾಡಬೇಕಿಲ್ಲ ಎಂದು ಬರೆದೆ. ಹಾಗೆಂದು ಟೆಕ್ಸಸ್ ಕಾನೂನು ಹೇಳುವುದಿಲ್ಲ, ಅವಳಿಗೆ ಅದು ದಂಡವನ್ನೂ ಹಾಕುವುದಿಲ್ಲ. ಯೂನಿವರ್ಸಿಟಿ ಕಳಿಸಿದ ಮೇಲ್ ಒಂದು ಸಲ ಓದಲಿ. ಒಬ್ಬರೇ ಬಳಸುವ ಫ್ಯಾಮಿಲಿ ರೆಸ್ಟ್‌ರೂಮಿಗೆ ಈ ನಿಯಮ ತಾಗುವುದಿಲ್ಲ, ಕ್ಯಾಂಪಸ್‌ನಲ್ಲಿ ಅದು ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಲಿ. ನೀನು ಏಪ್ರಿಲ್‌ನಲ್ಲಿ ಹೋದಾಗ ನಿನಗೂ ಬೇಕಾಗುತ್ತದೆ, ಬಾಗಿಲು ಪೂರ್ತಿ ಮುಚ್ಚುವುದು ಅಲ್ಲಿ ಮಾತ್ರ ಎಂದೆ.

ಸಂಜೆ ಅವಳ ಮಗಳಿಂದಲೇ ಉತ್ತರ ಬಂತು. ಅವಳ ಲ್ಯಾಬಿನಲ್ಲಿ ಒಬ್ಬ ಟ್ರಾನ್ಸ್ ಗೆಳತಿ ಇದ್ದಾಳಂತೆ. ಆ ಹುಡುಗಿ ಈಗ ಪ್ರತಿ ಸಲ ಮೂರು ಕಟ್ಟಡ ದಾಟಿ ಅಂಥ ಒಂದು ರೆಸ್ಟ್‌ರೂಮಿಗೆ ನಡೆದು ಹೋಗುತ್ತಾಳಂತೆ. ಹೋಗಿ ಬರಲು ಹದಿನೈದು ನಿಮಿಷ. "ನಾನೂ ಅವಳ ಜೊತೆ ಹೋಗ್ತೀನಿ ಮಾಮ, ಒಬ್ಬಳೇ ಹೋಗೋದು ಬೇಡ ಅಂತ."